ಸ್ತನದಲ್ಲಿ ಕದಿರುಕೋಶದ ಗಡ್ಡೆ: ಗುರುತು ಹಚ್ಚುವ ಬಗೆ

ಸ್ತನದ ಕ್ಯಾನ್ಸರುಗಳಲ್ಲಿ ಬಹುಪಾಲು ಹುಟ್ಟುವುದು ಹಾಲಿನ ನಾಳ ಮತ್ತು ಗ್ರಂಥಿಗಳ ಒಳಪದರದಲ್ಲಿ. ಸೂಕ್ಷ್ಮದರ್ಶಕದಡಿ ಅವುಗಳ ಕೋಶಗಳು ದುಂಡಗೆ ಅಥವಾ ಮೂಲೆಮೂಲೆಯಾಗಿ, ಗುಂಪು ಕಟ್ಟಿಕೊಂಡು ಕಾಣುತ್ತವೆ. ಪಳಗಿದ ರೋಗಶಾಸ್ತ್ರಜ್ಞರು ಅವನ್ನು ಬೇಗನೆ ಗುರುತಿಸುತ್ತಾರೆ. ಅಪರೂಪಕ್ಕೆ ಮಾತ್ರ ಸ್ಲೈಡಿನ ತುಂಬ ಬೇರೆಯದೇ ಆಕಾರ ಕಾಣಿಸುತ್ತದೆ. ಕೋಶಗಳೆಲ್ಲ ಉದ್ದುದ್ದ, ನೂಲುವ ಕದಿರಿನ ಹಾಗೆ ನಡು ಉಬ್ಬಿ ಎರಡೂ ತುದಿ ಚೂಪು. ಇಂಥ ಗಡ್ಡೆಯ ಮೊದಲ ವರದಿಯಲ್ಲಿ ಸಾಮಾನ್ಯವಾಗಿ ‘ಸ್ಪಿಂಡಲ್ ಸೆಲ್ ಲೀಷನ್’ ಎಂದು ಬರೆದು ಬರುತ್ತದೆ. ಅದು ಕೋಶದ ಆಕಾರವನ್ನಷ್ಟೇ ಹೇಳುತ್ತದೆ, ಕಾಯಿಲೆ ಯಾವುದೆಂದು ಹೇಳುವುದಿಲ್ಲ. ಕೆಲವೇ ತಿಂಗಳಲ್ಲಿ ತಾನಾಗಿ ಕರಗುವ ಗಂಟು, ಒಮ್ಮೆ ತೆಗೆದರೆ ಮುಗಿದುಹೋಗುವ ಗಡ್ಡೆ, ಎಲ್ಲಿಗೂ ಹರಡದಿದ್ದರೂ ಇದ್ದಲ್ಲೇ ಬೇರು ಬಿಡುವ ಗಡ್ಡೆ, ಶ್ವಾಸಕೋಶಕ್ಕೆ ಹರಡುವ ಕ್ಯಾನ್ಸರ್ – ಇವೆಲ್ಲಕ್ಕೂ ಅದೇ ಆಕಾರ ಇರಬಹುದು. ಒಂದರ ಚಿಕಿತ್ಸೆ ಇನ್ನೊಂದಕ್ಕೆ ಸಲ್ಲದು. ಆದ್ದರಿಂದ ಈ ಗಡ್ಡೆಗಳ ಮಟ್ಟಿಗೆ ಸರಿಯಾದ ಹೆಸರು ಹಚ್ಚುವುದೇ ಚಿಕಿತ್ಸೆಯ ಅರ್ಧ ಕೆಲಸ.

ಇಷ್ಟೊಂದು ಕಾಯಿಲೆಗಳಿಗೆ ಒಂದೇ ಆಕಾರ ಬರಲು ಕಾರಣ ಸ್ತನದ ರಚನೆಯಲ್ಲೇ ಇದೆ. ಹಾಲಿನ ನಾಳ, ಗ್ರಂಥಿಗಳಿಗೆ ಎರಡು ಪದರ. ಒಳಗಿನದು ಹಾಲು ಸ್ರವಿಸುವ ಕೋಶಗಳದ್ದು, ಹೊರಗಿನದು ಹಿಂಡಿ ಹಾಲನ್ನು ಮುಂದಕ್ಕೆ ತಳ್ಳುವ ಕೋಶಗಳದ್ದು. ನಾಳಗಳ ಸುತ್ತ ನಾರಿನ ಅಂಗಾಂಶ, ಕೊಬ್ಬು, ರಕ್ತನಾಳ, ನರಗಳು ಇರುತ್ತವೆ. ನಾರು ಹೆಣೆಯುವ ಕೋಶ, ಸ್ನಾಯುಕೋಶ, ನರದ ಹೊದಿಕೆಯ ಕೋಶ, ರಕ್ತನಾಳದ ಒಳಗೋಡೆಯ ಕೋಶ ಇವೆಲ್ಲ ಸಹಜವಾಗಿಯೇ ಉದ್ದನೆಯವು. ಇವುಗಳಲ್ಲಿ ಯಾವುದು ಬೆಳೆದು ಗಡ್ಡೆಯಾದರೂ ಕದಿರಿನ ಆಕಾರವೇ ಬರುತ್ತದೆ. ಇನ್ನೊಂದು ತೊಡಕೂ ಇದೆ. ನಾಳದ ಒಳಪದರದಿಂದ ಹುಟ್ಟಿದ ಕ್ಯಾನ್ಸರ್ ಕೋಶಗಳೇ ಕೆಲವೊಮ್ಮೆ ತಮ್ಮ ರೂಪ ಬಿಟ್ಟು ನಾರುಕೋಶದ ವೇಷ ತಾಳುತ್ತವೆ. ಇದಕ್ಕೆ ಮೆಟಾಪ್ಲಾಸ್ಟಿಕ್ ಕಾರ್ಸಿನೋಮ ಎನ್ನುತ್ತಾರೆ. ಕದಿರುಕೋಶದ ಕಾರ್ಸಿನೋಮ ಅದರ ಒಂದು ಬಗೆ. ತಜ್ಞರನ್ನು ಹೆಚ್ಚು ಕಾಡುವುದೂ ಇದೇ.

ಈ ಕಾಯಿಲೆ ಎಷ್ಟು ವಿರಳ ಎಂಬುದನ್ನು ಬೆಂಗಳೂರಿನ ಲೆಕ್ಕದಲ್ಲೇ ನೋಡಬಹುದು. ನಗರದ ಕ್ಯಾನ್ಸರ್ ನೋಂದಣಿಯನ್ನು ಹೊಸೂರು ರಸ್ತೆಯ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1980ರ ದಶಕದ ಆರಂಭದಿಂದ ನಡೆಸುತ್ತ ಬಂದಿದೆ. 2012ರ ನಂತರದ ಕೆಲವು ವರ್ಷಗಳ ಲೆಕ್ಕದಂತೆ ಬೆಂಗಳೂರಿನ ಲಕ್ಷ ಮಹಿಳೆಯರಲ್ಲಿ ವರ್ಷಕ್ಕೆ ಸುಮಾರು 40 ಮಂದಿಗೆ ಸ್ತನ ಕ್ಯಾನ್ಸರ್ ಬಂದಿದೆ. ನಗರದ ಮಹಿಳೆಯರಲ್ಲಿ ಅದೇ ಮೊದಲ ಸ್ಥಾನದ ಕ್ಯಾನ್ಸರ್. ಸ್ತನ ಕ್ಯಾನ್ಸರುಗಳಲ್ಲಿ ಮೆಟಾಪ್ಲಾಸ್ಟಿಕ್ ಬಗೆಯ ಪಾಲು ಶೇಕಡ 1ನ್ನೂ ಮುಟ್ಟುವುದಿಲ್ಲ. ಅಂದರೆ ಎರಡೂವರೆ ಲಕ್ಷ ಮಹಿಳೆಯರಲ್ಲಿ ವರ್ಷಕ್ಕೊಂದು ಕಂಡರೆ ಅದೇ ಹೆಚ್ಚು. ಸಾಧಾರಣ ಲ್ಯಾಬಿನಲ್ಲಿ ಕೆಲಸ ಮಾಡುವ ರೋಗಶಾಸ್ತ್ರಜ್ಞರಿಗೆ ವರ್ಷಗಟ್ಟಲೆ ಇಂಥ ಒಂದು ಸ್ಲೈಡೂ ಎದುರಾಗದೆ ಇರಬಹುದು. ಎದುರಾದ ದಿನ ತಪ್ಪು ದಾರಿ ಹಿಡಿಯದಿರಲು ಅವರಿಗೆ ಬೇಕಾಗುವುದು ಕ್ರಮ.

ಆ ಕ್ರಮ ಶುರುವಾಗುವುದು ಲ್ಯಾಬಿನಲ್ಲಲ್ಲ, ವೈದ್ಯರ ಕೋಣೆಯಲ್ಲಿ. ಸ್ತನದ ಗಂಟನ್ನು ಕೈಯಿಂದ ಮುಟ್ಟಿ ಪರೀಕ್ಷಿಸುವುದು, ಮ್ಯಾಮೊಗ್ರಾಮ್ ಇಲ್ಲವೇ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡುವುದು, ಸೂಜಿಯಿಂದ ಚೂರು ತೆಗೆದು ನೋಡುವುದು – ಈ ಮೂರೂ ಒಂದೇ ಮಾತು ಹೇಳಬೇಕು. ಕದಿರುಕೋಶದ ಗಡ್ಡೆಗಳಲ್ಲಿ ಮೂರರ ಮಾತು ಹೊಂದದೆ ಹೋಗುವುದುಂಟು. ಫೈಬ್ರೊಮಟೋಸಿಸ್ ಎಂಬ ಗಡ್ಡೆ ದೇಹದ ಬೇರೆಡೆಗೆ ಹರಡುವುದಿಲ್ಲ. ಆದರೂ ಅದು ಚರ್ಮವನ್ನು ಒಳಗೆಳೆದು, ಸ್ಕ್ಯಾನಿನಲ್ಲಿ ಮುಳ್ಳುಮುಳ್ಳಾದ ಅಂಚು ತೋರಿಸಿ, ನೋಡಿದವರಿಗೆ ಕ್ಯಾನ್ಸರೇ ಎನ್ನಿಸುತ್ತದೆ. ನಿಜವಾದ ಕ್ಯಾನ್ಸರಾದ ಮೆಟಾಪ್ಲಾಸ್ಟಿಕ್ ಕಾರ್ಸಿನೋಮ ಎಷ್ಟೋ ಸಲ ದುಂಡಗೆ, ನಯವಾದ ಅಂಚಿನೊಂದಿಗೆ, ಹಾನಿಯಿಲ್ಲದ ಸಾಮಾನ್ಯ ಗಂಟಾದ ಫೈಬ್ರೊಅಡಿನೋಮದಂತೆ ಕೂತಿರುತ್ತದೆ. ಫಿಲೊಡಿಸ್ ಎಂಬ ಇನ್ನೊಂದು ಗಡ್ಡೆಯಂತೂ ಸ್ಕ್ಯಾನಿನಲ್ಲಿ ದೊಡ್ಡ ಫೈಬ್ರೊಅಡಿನೋಮದಿಂದ ಬೇರೆಯಾಗಿ ಕಾಣುವುದೇ ಕಡಿಮೆ. ‘ಸ್ಕ್ಯಾನಿಂಗ್‌ನಲ್ಲಿ ಸಾದಾ ಗಂಟು ಅಂತ ಬಂದಿದೆ’ ಎಂಬ ಒಂದೇ ಆಧಾರದ ಮೇಲೆ, ನೋಡನೋಡುತ್ತ ಬೆಳೆಯುತ್ತಿರುವ ಗಂಟನ್ನು ಬಿಟ್ಟುಬಿಡಬಾರದು.

ಎಫ್‌ಎನ್‌ಎಸಿ, ಅಂದರೆ ಸಣ್ಣ ಸೂಜಿಯಿಂದ ಕೋಶಗಳನ್ನು ಹೀರಿ ತೆಗೆಯುವ ಪರೀಕ್ಷೆ, ನಮ್ಮಲ್ಲಿ ಇಂದಿಗೂ ಬಹಳ ಬಳಕೆಯಲ್ಲಿದೆ. ಖರ್ಚು ಕಡಿಮೆ, ಫಲಿತಾಂಶ ಬೇಗ. ಸಾಮಾನ್ಯ ಕ್ಯಾನ್ಸರನ್ನು ಹಿಡಿಯಲು ಅದು ಒಳ್ಳೆಯ ಸಾಧನ. ನಾರು ತುಂಬಿದ ಗಡ್ಡೆಗಳಲ್ಲಿ ಮಾತ್ರ ಅದು ಸೋಲುತ್ತದೆ. ಕೋಶಗಳು ನಾರಿನಲ್ಲಿ ಸಿಕ್ಕಿಕೊಂಡಿರುವುದರಿಂದ ಸೂಜಿಗೆ ಬರುವುದು ನಾಲ್ಕಾರು ಕೋಶ. ಅವು ಯಾವ ಜೋಡಣೆಯಲ್ಲಿದ್ದವು, ಸುತ್ತಲಿನ ಕೊಬ್ಬಿನೊಳಗೆ ನುಗ್ಗಿದ್ದವೇ ಎಂಬುದು ತಿಳಿಯುವುದಿಲ್ಲ. ಕದಿರುಕೋಶ ಕಂಡ ಕೂಡಲೇ ಕೋರ್ ಬಯಾಪ್ಸಿಗೆ ಹೋಗಬೇಕು. ಸಾಮಾನ್ಯವಾಗಿ 14 ಗೇಜಿನ ದಪ್ಪ ಸೂಜಿಯಿಂದ, ಸ್ಕ್ಯಾನ್ ನೋಡುತ್ತ, ಗಡ್ಡೆಯ ಬೇರೆಬೇರೆ ಭಾಗಗಳಿಂದ ಹಲವು ಎಳೆಗಳನ್ನು ತೆಗೆಯುತ್ತಾರೆ. ಎಳೆಗಳು ಹೆಚ್ಚಿದಷ್ಟೂ ಮುಂದಿನ ಪರೀಕ್ಷೆಗಳಿಗೆ ದಾರಿ ಸುಗಮ. ಒಂದೇ ತೆಳ್ಳನೆಯ ಎಳೆ ಕಳಿಸಿ ಪೂರ್ತಿ ಉತ್ತರ ಕೇಳಿದರೆ ಅದು ಆಗದ ಮಾತು.

ತೆಗೆದ ಚೂರನ್ನು ತಡಮಾಡದೆ, ಒಂದು ಗಂಟೆಯೊಳಗೆ, ಶೇಕಡ 10ರ ಬಫರ್ಡ್ ಫಾರ್ಮಲಿನ್‌ನಲ್ಲಿ ಹಾಕಬೇಕು. ಕನಿಷ್ಠ 6 ಗಂಟೆ, ಹೆಚ್ಚೆಂದರೆ 72 ಗಂಟೆ ಅದರಲ್ಲಿರಬೇಕು. ಸಲೈನಿನಲ್ಲಿ ಮುಳುಗಿಸಿಟ್ಟ, ಅಥವಾ ಬಾಟಲಿಯ ತಳದಲ್ಲಿ ಚೂರೇ ಚೂರು ಫಾರ್ಮಲಿನ್ ಹಾಕಿ ಕಳಿಸಿದ ಮಾದರಿ ಲ್ಯಾಬ್ ಸೇರುವ ಹೊತ್ತಿಗೆ ಕೆಡಲು ಶುರುವಾಗಿರುತ್ತದೆ. ಕೆಟ್ಟ ಕೋಶದಲ್ಲಿ ಪ್ರೋಟೀನಿನ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಆಮೇಲೆ ಎಷ್ಟು ದೊಡ್ಡ ಆಸ್ಪತ್ರೆಗೆ ಒಯ್ದರೂ ಕಳೆದದ್ದು ಮರಳದು. ಮಾದರಿಯ ಜೊತೆ ಹೋಗುವ ಕಾಗದವೂ ಅಷ್ಟೇ ಮುಖ್ಯ. ‘ಸ್ತನದಲ್ಲಿ ಗಂಟು’ ಎಂದಷ್ಟೇ ಬರೆದರೆ ಸಾಲದು. ಗಂಟು ಎಷ್ಟು ದಿನದಲ್ಲಿ ಬೆಳೆಯಿತು, ಆ ಜಾಗಕ್ಕೆ ಪೆಟ್ಟು ಬಿದ್ದಿತ್ತೇ, ಹಿಂದೆ ಸೂಜಿ ಹಾಕಿದ್ದರೇ, ಆಪರೇಷನ್ ಆಗಿತ್ತೇ, ಎದೆಗೆ ವಿಕಿರಣ ಚಿಕಿತ್ಸೆ ಕೊಟ್ಟಿದ್ದರೇ, ದೇಹದ ಬೇರೆಲ್ಲಾದರೂ ಗಡ್ಡೆ ತೆಗೆದಿದ್ದರೇ, ಮನೆಯಲ್ಲಿ ಯಾರಿಗಾದರೂ ದೊಡ್ಡ ಕರುಳಿನ ಪಾಲಿಪ್ ಕಾಯಿಲೆ ಇತ್ತೇ ಎಂಬ ಒಂದೊಂದು ಮಾಹಿತಿಯೂ ಒಂದೊಂದು ಕಾಯಿಲೆಯತ್ತ ಬೆರಳು ತೋರಿಸುತ್ತದೆ.

ಉದಾಹರಣೆಗೆ, ಎರಡು ಮೂರು ವಾರದಲ್ಲೇ ಎದ್ದುನಿಂತ, ಒತ್ತಿದರೆ ನೋಯುವ ಸಣ್ಣ ಗಂಟು ನೋಡ್ಯುಲರ್ ಫ್ಯಾಸೈಟಿಸ್ ಆಗಿರಬಹುದು. ಸ್ಲೈಡಿನಲ್ಲಿ ಅದರ ಕೋಶಗಳು ಭರದಿಂದ ವಿಭಜನೆಯಾಗುತ್ತಿರುವುದು ಕಂಡು ಸಾರ್ಕೋಮ ಎಂಬ ಕ್ಯಾನ್ಸರೆಂದು ಬರೆದುಬಿಡುವ ಅಪಾಯವಿದೆ. ಅದು ಹಾನಿಯಿಲ್ಲದ ಗಂಟು, ಅನೇಕ ವೇಳೆ ತಾನಾಗಿ ಇಳಿಯುತ್ತದೆ. ಅದರ ಕೋಶಗಳಲ್ಲಿ ಯುಎಸ್‌ಪಿ6 ಎಂಬ ಜೀನು ಸ್ಥಾನ ಬದಲಿಸಿಕೊಂಡಿರುವುದು 2011ರಲ್ಲಿ ಗೊತ್ತಾಯಿತು. ಆ ಪರೀಕ್ಷೆಗೆ ಅನುಕೂಲವಿಲ್ಲದ ಕಡೆ, ಗಂಟು ಬೆಳೆದ ವೇಗವನ್ನು ಯಾರಾದರೂ ಕೇಳಿ ಬರೆದಿದ್ದರೆ ಅದೇ ದೊಡ್ಡ ಸುಳಿವು. ಹಿಂದೆ ಸೂಜಿ ಹಾಕಿದ ಜಾಗದಲ್ಲಿ ಗಾಯ ಮಾಯುವಾಗಲೂ ಇದೇ ಆಕಾರದ ಕೋಶಗಳ ಗಂಟು ಏಳುತ್ತದೆ. ಎಫ್‌ಎನ್‌ಎಸಿ ಆಗಿ ಕೆಲವು ವಾರಕ್ಕೆ ಬಂದ ಮಾದರಿಯಲ್ಲಿ ಈ ಸಾಧ್ಯತೆಯನ್ನು ಮರೆಯುವಂತಿಲ್ಲ.

ಲ್ಯಾಬಿನಲ್ಲಿ ಚೂರನ್ನು ಪ್ಯಾರಾಫಿನ್ ಮೇಣದಲ್ಲಿ ಹುದುಗಿಸಿ ಬ್ಲಾಕ್ ಮಾಡುತ್ತಾರೆ. ಅದರಿಂದ ಮೂರು ನಾಲ್ಕು ಮೈಕ್ರಾನ್ ದಪ್ಪದ ಪದರ ಕೊಯ್ದು, ನೀಲಿ ಗುಲಾಬಿ ಬಣ್ಣ ಹಾಕಿ ನೋಡುತ್ತಾರೆ. ಈ ಮೊದಲ ನೋಟದಲ್ಲಿ ಕೇಳಿಕೊಳ್ಳುವ ಪ್ರಶ್ನೆಗಳು ಕೆಲವೇ. ಕದಿರುಕೋಶಗಳ ನಡುವೆ ನಾಳದ ಕೋಶಗಳೂ ಇವೆಯೇ? ಗಡ್ಡೆಯ ಅಂಚು ನಯವಾಗಿದೆಯೇ, ಕೊಬ್ಬಿನೊಳಗೆ ಬೆರಳು ಚಾಚಿದೆಯೇ? ಕೋಶಕೇಂದ್ರಗಳು ಒಂದೇ ತೆರನಾಗಿವೆಯೇ, ವಿಕಾರವಾಗಿವೆಯೇ? ವಿಭಜನೆ ಎಷ್ಟು ಕಾಣುತ್ತದೆ?

ನಾಳದ ಕೋಶಗಳೂ ಜೊತೆಗಿದ್ದರೆ ಮೊದಲು ನೆನಪಾಗಬೇಕಾದದ್ದು ಫಿಲೊಡಿಸ್. 1838ರಲ್ಲಿ ಜರ್ಮನಿಯ ಯೊಹಾನೆಸ್ ಮ್ಯುಲರ್ ಇದನ್ನು ವರ್ಣಿಸಿ ಹೆಸರಿಟ್ಟರು. ಕೊಯ್ದು ನೋಡಿದರೆ ಒಳಗೆ ಎಲೆಗಳನ್ನು ಒತ್ತೊತ್ತಾಗಿ ಜೋಡಿಸಿದಂತೆ ಸೀಳುಗಳಿರುತ್ತವೆ. ಸ್ತನದ ಗಡ್ಡೆಗಳಲ್ಲಿ ಇದರ ಪಾಲೂ ಶೇಕಡ 1ಕ್ಕಿಂತ ಕಡಿಮೆ. ಇದರಲ್ಲಿ ಸೌಮ್ಯ, ನಡುವಣದ್ದು, ಮಾರಕ ಎಂದು ಮೂರು ದರ್ಜೆ. ಮಾರಕ ಎನ್ನಲು ಕೋಶಗಳು ದಟ್ಟವಾಗಿರಬೇಕು, ಕೋಶಕೇಂದ್ರಗಳು ತೀರ ವಿಕಾರವಾಗಿರಬೇಕು, ಹೆಚ್ಚು ಶಕ್ತಿಯ ಮಸೂರದ ಹತ್ತು ನೋಟಗಳಲ್ಲಿ 10 ಅಥವಾ ಹೆಚ್ಚು ವಿಭಜನೆ ಕಾಣಬೇಕು, ಅಂಚು ಒಳನುಗ್ಗಿರಬೇಕು, ಮತ್ತು ಕಡಿಮೆ ಶಕ್ತಿಯ ಮಸೂರದ ಒಂದು ಇಡೀ ನೋಟದಲ್ಲಿ ನಾಳದ ಸುಳಿವೇ ಇಲ್ಲದಷ್ಟು ನಾರಿನ ಭಾಗ ಬೆಳೆದಿರಬೇಕು. ಈ ಕೊನೆಯ ಲಕ್ಷಣವೇ ಬಯಾಪ್ಸಿಯನ್ನು ದಾರಿ ತಪ್ಪಿಸುತ್ತದೆ. ಸೂಜಿ ಅಂಥ ಜಾಗಕ್ಕೆ ಹೋದರೆ ಎಳೆಯಲ್ಲಿ ಬರುವುದು ಬರೀ ಕದಿರುಕೋಶ. ಫಿಲೊಡಿಸ್ ಎನ್ನಲು ಬೇಕಾದ ನಾಳ ಅದರಲ್ಲಿ ಇರುವುದೇ ಇಲ್ಲ. ಗಡ್ಡೆಯನ್ನು ಪೂರ್ತಿ ತೆಗೆದ ಮೇಲೆ ಪ್ರತಿ ಸೆಂಟಿಮೀಟರಿಗೆ ಒಂದರಂತಾದರೂ ಚೂರು ತೆಗೆದು ಹುಡುಕಿದಾಗ ಒಂದು ಮೂಲೆಯಲ್ಲಿ ಎಲೆಯಾಕಾರದ ಸೀಳು ಸಿಗುತ್ತದೆ, ಇಡೀ ಕಥೆ ಸ್ಪಷ್ಟವಾಗುತ್ತದೆ. ಹೀಗೆ ತಾಳ್ಮೆಯಿಂದ ಹುಡುಕುವ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೂ ಅದರ ಬೆಲೆ ಯಾವ ದುಬಾರಿ ಯಂತ್ರಕ್ಕೂ ಕಡಿಮೆಯದಲ್ಲ.

ಸ್ಲೈಡಿನಲ್ಲಿ ಬರೀ ಕದಿರುಕೋಶಗಳೇ ಇದ್ದರೆ ರೋಗಶಾಸ್ತ್ರಜ್ಞರು ಪಾಲಿಸುವ ನಿಯಮ ಒಂದೇ: ಅಲ್ಲವೆಂದು ಸಾಬೀತಾಗುವ ತನಕ ಅದು ಮೆಟಾಪ್ಲಾಸ್ಟಿಕ್ ಕಾರ್ಸಿನೋಮ. ನೋಡಲು ಎಷ್ಟು ಸಾಧುವಾಗಿದ್ದರೂ ಈ ನಿಯಮ ಬಿಡುವಂತಿಲ್ಲ. ಏಕೆಂದರೆ ಇದೇ ಕ್ಯಾನ್ಸರಿನ ಒಂದು ಉಪಬಗೆ ಫೈಬ್ರೊಮಟೋಸಿಸ್‌ನ ಪಡಿಯಚ್ಚಿನಂತಿರುತ್ತದೆ. ತೆಳ್ಳಗಿನ, ವಿಕಾರವಿಲ್ಲದ ಕೋಶಗಳು, ವಿಭಜನೆಯೂ ಅತಿ ಕಡಿಮೆ. ನೀಲಿ ಗುಲಾಬಿ ಬಣ್ಣದ ಸ್ಲೈಡೊಂದನ್ನೇ ನೋಡಿ ಎರಡನ್ನೂ ಬೇರ್ಪಡಿಸಲಾಗದು.

ಬೇರ್ಪಡಿಸುವುದು ಇಮ್ಯುನೊಹಿಸ್ಟೊಕೆಮಿಸ್ಟ್ರಿ. ಆಸ್ಪತ್ರೆಗಳಲ್ಲಿ ಎಲ್ಲರೂ ‘ಐಎಚ್‌ಸಿ’ ಎನ್ನುತ್ತಾರೆ. ಕೋಶ ವೇಷ ಬದಲಿಸಿದರೂ ತನ್ನ ಮೂಲದ ಕೆಲವು ಪ್ರೋಟೀನುಗಳನ್ನು ಒಳಗೆ ಉಳಿಸಿಕೊಂಡಿರುತ್ತದೆ. ಆಯಾ ಪ್ರೋಟೀನಿಗಷ್ಟೇ ಅಂಟುವ ಪ್ರತಿಕಾಯವನ್ನು ಪದರದ ಮೇಲೆ ಹಾಕಿದರೆ, ಪ್ರೋಟೀನು ಇದ್ದ ಜಾಗ ಕಂದು ಬಣ್ಣಕ್ಕೆ ತಿರುಗುತ್ತದೆ. ನಾಳದ ಪದರಗಳಿಂದ ಬಂದ ಕ್ಯಾನ್ಸರ್ ಕೋಶದಲ್ಲಿ ಸೈಟೊಕೆರಾಟಿನ್ ಇರುತ್ತದೆ, ಎಷ್ಟೋ ಸಲ ಪಿ63 ಕೂಡ. ಇಲ್ಲಿ ಒಂದು ಎಚ್ಚರಿಕೆ ಬೇಕು. ಕದಿರುಕೋಶದ ಕಾರ್ಸಿನೋಮ ಒಂದು ಬಗೆಯ ಸೈಟೊಕೆರಾಟಿನ್‌ಗೆ ಬಣ್ಣ ತೋರಿಸದೆ ಇನ್ನೊಂದಕ್ಕೆ ತೋರಿಸಬಹುದು. ತೋರಿಸಿದರೂ ಅಲ್ಲೊಂದು ಇಲ್ಲೊಂದು ಕೋಶದಲ್ಲಿ ಮಾತ್ರ. ಒಂದೇ ಪರೀಕ್ಷೆ ಮಾಡಿ ‘ಇಲ್ಲ’ ಎಂದು ಬಂದರೆ ಕ್ಯಾನ್ಸರ್ ಅಲ್ಲವೆನ್ನಲು ಅದು ಆಧಾರವಾಗದು. ಸಿಕೆ5/6, ಸಿಕೆ14ರಂಥ ತಳಪದರದ ಕೆರಾಟಿನ್‌ಗಳೂ ಸೇರಿ ನಾಲ್ಕಾರು ಬಗೆಯನ್ನು ಒಟ್ಟಿಗೆ ನೋಡಬೇಕು.

ಕೆರಾಟಿನ್ ಎಲ್ಲೂ ಇಲ್ಲದಿದ್ದಾಗ ಉಳಿದ ಹೆಸರುಗಳ ಸರದಿ. ಸಿಡಿ34 ಮತ್ತು ಡೆಸ್ಮಿನ್ ಎಂಬ ಪ್ರೋಟೀನುಗಳೆರಡಕ್ಕೂ ಬಣ್ಣ ಹಿಡಿದು, ಆರ್‌ಬಿ ಪ್ರೋಟೀನು ಕಾಣೆಯಾಗಿದ್ದರೆ ಅದು ಮಯೊಫೈಬ್ರೊಬ್ಲಾಸ್ಟೋಮ. 1987ರಲ್ಲಿ 16 ರೋಗಿಗಳ ಮಾದರಿಗಳನ್ನಿಟ್ಟುಕೊಂಡು ಮೊದಲು ವರ್ಣಿಸಲಾದ ಈ ಸೌಮ್ಯ ಗಡ್ಡೆ ವಯಸ್ಸಾದ ಗಂಡಸರಲ್ಲೂ, ಮುಟ್ಟು ನಿಂತ ಹೆಂಗಸರಲ್ಲೂ ಕಾಣಿಸುತ್ತದೆ. ಇದರಲ್ಲೊಂದು ಮೋಸವಿದೆ. ಇದರ ಕೋಶಗಳು ಈಸ್ಟ್ರೊಜೆನ್ ಗ್ರಾಹಕಕ್ಕೂ ಬಣ್ಣ ತೋರಿಸುತ್ತವೆ. ಕೆಲವೊಮ್ಮೆ ಕೋಶಗಳು ದುಂಡಗಾಗಿ ಸಾಲುಗಟ್ಟಿದಾಗ ಲೋಬ್ಯುಲರ್ ಎಂಬ ಬಗೆಯ ಸ್ತನ ಕ್ಯಾನ್ಸರಿನಂತೆಯೇ ಕಾಣುತ್ತವೆ. ಕೆರಾಟಿನ್ ನೋಡದೆ ಬರೀ ಹಾರ್ಮೋನ್ ಗ್ರಾಹಕದ ಪರೀಕ್ಷೆ ಮಾಡಿದರೆ, ಸಣ್ಣ ಆಪರೇಷನ್ನಿನಲ್ಲಿ ಮುಗಿಯಬೇಕಾದ ಗಡ್ಡೆಗೆ ಕ್ಯಾನ್ಸರಿನ ಚಿಕಿತ್ಸೆ ಶುರುವಾದೀತು. ಕೋಶಕೇಂದ್ರದಲ್ಲಿ ಬೀಟಾ ಕೆಟೆನಿನ್ ಕಂಡರೆ ಫೈಬ್ರೊಮಟೋಸಿಸ್‌ನತ್ತ ವಾಲಬಹುದು. ಆದರೆ ಅದು ಫಿಲೊಡಿಸ್‌ನಲ್ಲೂ ಮೆಟಾಪ್ಲಾಸ್ಟಿಕ್ ಕ್ಯಾನ್ಸರಿನಲ್ಲೂ ಕಾಣುವುದುಂಟು. ಸ್ಟ್ಯಾಟ್6 ಕೋಶಕೇಂದ್ರದಲ್ಲಿದ್ದರೆ ಸಾಲಿಟರಿ ಫೈಬ್ರಸ್ ಟ್ಯೂಮರ್. ಇಆರ್‌ಜಿ ಮತ್ತು ಸಿಡಿ31 ಇದ್ದರೆ ರಕ್ತನಾಳದ ಮೂಲ. ಹಿಂದೆ ಸ್ತನ ಕ್ಯಾನ್ಸರಿಗೆ ವಿಕಿರಣ ಪಡೆದವರ ಚರ್ಮದಲ್ಲಿ ಕೆಲವು ವರ್ಷಗಳ ನಂತರ ನೀಲಿಗಟ್ಟಿದ ಕಲೆ ಎದ್ದಿದ್ದರೆ ರಕ್ತನಾಳದ ಕ್ಯಾನ್ಸರಾದ ಆಂಜಿಯೊಸಾರ್ಕೋಮ ಇರಬಹುದೇ ಎಂದು ನೋಡಲೇಬೇಕು. ಅಂಥ ಗಡ್ಡೆಯಲ್ಲಿ ಎಂವೈಸಿ ಜೀನಿನ ಪ್ರತಿಗಳು ಹೆಚ್ಚಿರುತ್ತವೆ. ಚರ್ಮದ ಮೆಲನೋಮ ಸ್ತನಕ್ಕೆ ಹರಡಿಯೂ ಕದಿರಿನ ರೂಪ ತಾಳಬಲ್ಲದು. ಅದಕ್ಕಾಗಿ ಎಸ್100, ಸಾಕ್ಸ್10 ನೋಡುತ್ತಾರೆ. ಆದರೆ ಸಾಕ್ಸ್10 ಕೆಲವು ಮೆಟಾಪ್ಲಾಸ್ಟಿಕ್ ಕ್ಯಾನ್ಸರಿನಲ್ಲೂ ಸಿಗುವುದರಿಂದ ಅದೊಂದನ್ನೇ ನಂಬಿ ಹೆಸರಿಡಲಾಗದು.

ಒಂದೇ ಬಣ್ಣದ ಮೇಲೆ ತೀರ್ಪು ಕೊಡಬಾರದು ಎಂಬುದಕ್ಕೆ ಇನ್ನೊಂದು ಸಾಕ್ಷಿ ಮಾರಕ ಫಿಲೊಡಿಸ್. ಅದರ ನಾರಿನ ಭಾಗದಲ್ಲೂ ಅಪರೂಪಕ್ಕೆ ಕೆರಾಟಿನ್, ಪಿ63 ಚುಕ್ಕೆಚುಕ್ಕೆಯಾಗಿ ಕಾಣುತ್ತವೆ. ಆಗ ಸಿಡಿ34 ಇದ್ದರೆ ಫಿಲೊಡಿಸ್‌ನತ್ತ ತೂಕ ಹೆಚ್ಚು, ಏಕೆಂದರೆ ಮೆಟಾಪ್ಲಾಸ್ಟಿಕ್ ಕ್ಯಾನ್ಸರಿನಲ್ಲಿ ಅದು ಇರುವುದಿಲ್ಲ. ಆದರೆ ತೀರ ಮಾರಕವಾದ ಫಿಲೊಡಿಸ್ ಸಿಡಿ34ನ್ನು ಕಳೆದುಕೊಂಡಿರುವುದೂ ಉಂಟು. ಅಂಥ ವೇಳೆ ಎಂಇಡಿ12 ಜೀನಿನಲ್ಲಿ ಬದಲಾವಣೆ ಇದೆಯೇ ಎಂದು ನೋಡುವುದು ನೆರವಾಗುತ್ತದೆ. ಫೈಬ್ರೊಅಡಿನೋಮ ಮತ್ತು ಫಿಲೊಡಿಸ್ ಎರಡರಲ್ಲೂ ಅದು ಸಾಮಾನ್ಯ.

ಬೆಂಗಳೂರಿನ ಬಾಗಲಗುಂಟೆಯಂಥ ಬಡಾವಣೆಯಲ್ಲಿ ಈ ಹಾದಿ ಪ್ರಾಯೋಗಿಕವಾಗಿ ಹೇಗಿರುತ್ತದೆ ಎಂಬುದೂ ತಿಳಿದಿರಬೇಕು. ಪೀಣ್ಯ, ದಾಸರಹಳ್ಳಿ ಸುತ್ತಿನ ಕಾರ್ಖಾನೆ, ಗಾರ್ಮೆಂಟ್ಸ್‌ಗಳಿಗೆ ಹೋಗುವ ಹೆಂಗಸರು ಮೊದಲು ಹೋಗುವುದು ಮನೆ ಹತ್ತಿರದ ಕ್ಲಿನಿಕ್ಕಿಗೆ. ಬಯಾಪ್ಸಿಗೆ ಹೆಸರಘಟ್ಟ ಮುಖ್ಯರಸ್ತೆಯ ಸಪ್ತಗಿರಿ, ಮತ್ತಿಕೆರೆ ಬಳಿಯ ಎಂ.ಎಸ್. ರಾಮಯ್ಯದಂಥ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು ದೂರವೇನಲ್ಲ. ಗಡ್ಡೆಯ ಹೆಸರು ಅಲ್ಲಿ ಖಚಿತವಾಗದಿದ್ದರೆ ಕಿದ್ವಾಯಿಯಂಥ ಕ್ಯಾನ್ಸರ್ ಕೇಂದ್ರದ ಅಭಿಪ್ರಾಯ ಕೇಳುತ್ತಾರೆ. 1973ರಲ್ಲಿ ಶುರುವಾದ ಕಿದ್ವಾಯಿ 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. ದಾಸರಹಳ್ಳಿಯಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ ಲಾಲ್‌ಬಾಗ್‌ನಲ್ಲಿ ಇಳಿದರೆ ಅಲ್ಲಿಂದ ಕಿದ್ವಾಯಿಗೆ ಆಟೊದಲ್ಲಿ ಹೋಗುವಷ್ಟೇ ದೂರ. ಹೋಗುವಾಗ ವರದಿಯ ಹಾಳೆಯೊಂದನ್ನೇ ಹಿಡಿದು ಹೋದರೆ ಪ್ರಯೋಜನ ಕಡಿಮೆ. ಮೊದಲ ಲ್ಯಾಬಿನಿಂದ ಸ್ಲೈಡುಗಳನ್ನೂ ಮೇಣದ ಬ್ಲಾಕನ್ನೂ ಕೇಳಿ ಪಡೆಯಬೇಕು, ಸ್ಕ್ಯಾನಿನ ಫಿಲಂ ಅಥವಾ ಸಿಡಿಯನ್ನೂ ಒಯ್ಯಬೇಕು. ಬ್ಲಾಕ್ ಇದ್ದರೆ ಹೊಸ ಪದರ ಕೊಯ್ದು ಬೇಕಾದ ಪರೀಕ್ಷೆ ಮಾಡಬಹುದು, ಮತ್ತೆ ಸೂಜಿ ಚುಚ್ಚಿಸಿಕೊಳ್ಳುವ ನೋವು ತಪ್ಪುತ್ತದೆ. ಬೇರೆಡೆ ತೋರಿಸುತ್ತೇವೆ ಎಂದು ಬ್ಲಾಕ್ ಕೇಳಲು ಸಂಕೋಚ ಪಡಬೇಕಿಲ್ಲ. ಎರಡನೇ ಅಭಿಪ್ರಾಯ ಕೇಳುವುದು ಈ ಕ್ಷೇತ್ರದ ದಿನನಿತ್ಯದ ರೂಢಿ, ರೋಗಶಾಸ್ತ್ರಜ್ಞರೇ ಪರಸ್ಪರ ಸ್ಲೈಡು ಕಳಿಸಿಕೊಳ್ಳುತ್ತಾರೆ.

ಕಾಯುವ ದಿನಗಳಲ್ಲಿ ಮನೆಯವರಿಗೆ ಬರುವ ಆತಂಕ ಸಹಜ. ‘ಏನಾದರಾಗಲಿ, ಮೊದಲು ತೆಗೆದುಬಿಡಿ’ ಎಂದು ಒತ್ತಾಯಿಸುವವರೂ ಇದ್ದಾರೆ. ಆಪರೇಷನ್ ಟೇಬಲ್ಲಿನ ಮೇಲೆಯೇ ಚೂರನ್ನು ಹೆಪ್ಪುಗಟ್ಟಿಸಿ ಕೆಲವೇ ನಿಮಿಷದಲ್ಲಿ ಉತ್ತರ ಹೇಳುವ ಫ್ರೋಜನ್ ಸೆಕ್ಷನ್ ವಿಧಾನ ಇದೆ ನಿಜ. ಕದಿರುಕೋಶದ ಗಡ್ಡೆಗೆ ಮಾತ್ರ ಅದನ್ನು ನೆಚ್ಚಿ ಇಡೀ ಸ್ತನ ತೆಗೆಯುವುದು ಸರಿಯಲ್ಲ. ಹೆಸರು ಬದಲಾದರೆ ಆಪರೇಷನ್ನೇ ಬದಲಾಗುತ್ತದೆ. ಮೆಟಾಪ್ಲಾಸ್ಟಿಕ್ ಕಾರ್ಸಿನೋಮಕ್ಕೆ ಕಂಕುಳಿನ ಗ್ರಂಥಿಗಳನ್ನೂ ಪರೀಕ್ಷಿಸಬೇಕು. ಅದು ಹೆಚ್ಚಾಗಿ, ಸ್ತನ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಪರೀಕ್ಷಿಸುವ ಮೂರೂ ಗ್ರಾಹಕಗಳಿಲ್ಲದ ‘ಟ್ರಿಪಲ್ ನೆಗೆಟಿವ್’ ಬಗೆಯದು, ಕಿಮೊಥೆರಪಿಗೆ ಸುಲಭವಾಗಿ ಬಗ್ಗುವುದಿಲ್ಲ; ಆದ್ದರಿಂದ ಚಿಕಿತ್ಸೆಯ ಯೋಜನೆ ಆಪರೇಷನ್ನಿಗೆ ಮುಂಚೆಯೇ ಆಗಬೇಕು. ಮಾರಕ ಫಿಲೊಡಿಸ್ ರಕ್ತದ ಮೂಲಕ ಶ್ವಾಸಕೋಶಕ್ಕೆ ಹೋಗುತ್ತದೆಯೇ ಹೊರತು ಕಂಕುಳಿನ ಗ್ರಂಥಿಗೆ ಹೋಗುವುದು ತೀರ ಅಪರೂಪ. ಅಲ್ಲಿ ಗ್ರಂಥಿ ತೆಗೆದು ಕೈ ಬಾವು ಬರಿಸುವ ಅಗತ್ಯವಿಲ್ಲ, ಗಡ್ಡೆಯ ಸುತ್ತ ಆರೋಗ್ಯವಂತ ಅಂಗಾಂಶದ ಅಂಚು ಸೇರಿಸಿ ಪೂರ್ತಿ ತೆಗೆಯುವುದೇ ಮುಖ್ಯ. ಫೈಬ್ರೊಮಟೋಸಿಸ್‌ಗೆ ಈಗ ಅನೇಕ ವೇಳೆ ಕತ್ತರಿಯನ್ನೇ ಹಾಕದೆ ಸ್ಕ್ಯಾನ್ ಮಾಡಿಸುತ್ತ ಗಮನಿಸುತ್ತಾರೆ. ಕೆಲವು ತಾವಾಗಿ ಕುಗ್ಗುತ್ತವೆ. ಮಯೊಫೈಬ್ರೊಬ್ಲಾಸ್ಟೋಮ ಗಂಟಷ್ಟನ್ನೇ ತೆಗೆದರೆ ಮುಗಿಯಿತು. ಹೆಸರಿಗಾಗಿ ಒಂದೆರಡು ವಾರ ಕಾಯುವುದರಿಂದ ಆಗುವ ನಷ್ಟಕ್ಕಿಂತ ತಪ್ಪು ಹೆಸರಿನ ಮೇಲೆ ನಡೆದ ಆಪರೇಷನ್ನಿನ ನಷ್ಟ ಬಹಳ ದೊಡ್ಡದು.

ಬಯಾಪ್ಸಿಯ ಮಾದರಿ ಸಾಲದೆ ಖಚಿತ ಹೆಸರು ಸಿಗದೇ ಹೋಗುವುದೂ ಉಂಟು. ಆಗ ರೋಗಶಾಸ್ತ್ರಜ್ಞರು ‘ಕದಿರುಕೋಶದ ಗಡ್ಡೆ, ಪೂರ್ತಿ ತೆಗೆದು ಪರೀಕ್ಷಿಸುವುದು ಅಗತ್ಯ’ ಎಂದು ಬರೆಯುತ್ತಾರೆ, ಸಾಧ್ಯತೆಗಳನ್ನೂ ಸೂಚಿಸುತ್ತಾರೆ. ಇದನ್ನು ಲ್ಯಾಬಿನ ಸೋಲು ಎಂದು ಭಾವಿಸಬಾರದು. ಇರುವ ಚೂರಿನಿಂದ ಹೇಳಬಹುದಾದಷ್ಟನ್ನು ಹೇಳಿ ಅಲ್ಲಿಗೆ ನಿಲ್ಲಿಸುವ ವರದಿಯೇ ಒಳ್ಳೆಯ ವರದಿ. ಶಸ್ತ್ರಚಿಕಿತ್ಸಕರು, ರೇಡಿಯಾಲಜಿಸ್ಟ್, ರೋಗಶಾಸ್ತ್ರಜ್ಞರು, ಕ್ಯಾನ್ಸರ್ ವೈದ್ಯರು ಒಟ್ಟಿಗೆ ಕೂತು ಚರ್ಚಿಸುವ ಟ್ಯೂಮರ್ ಬೋರ್ಡ್ ಸಭೆಗೆ ಇಂಥ ಕೇಸುಗಳನ್ನು ಒಯ್ಯಬೇಕು. ಸ್ಕ್ಯಾನು ಹೇಳಿದ್ದು ಸ್ಲೈಡಿಗೆ ಹೊಂದುತ್ತದೆಯೇ, ಸೂಜಿ ಸರಿಯಾದ ಜಾಗಕ್ಕೇ ಹೋಗಿತ್ತೇ ಎಂಬುದು ಇತ್ಯರ್ಥವಾಗುವುದು ಅಲ್ಲಿ.

ಗಡ್ಡೆ ತೆಗೆದಾದ ಮೇಲೂ ಕಾಗದಪತ್ರ, ಬ್ಲಾಕ್‌ಗಳ ವಿವರ ಜೋಪಾನವಾಗಿರಬೇಕು. ಫಿಲೊಡಿಸ್ ಮರುಕಳಿಸುವುದಾದರೆ ಬಹುಪಾಲು ಮೊದಲ ಎರಡು ಮೂರು ವರ್ಷದಲ್ಲಿ, ಅದೇ ಜಾಗದಲ್ಲಿ. ಮರಳಿ ಬಂದದ್ದರ ದರ್ಜೆ ಮೊದಲಿಗಿಂತ ಏರಿರಲೂಬಹುದು. ಹಳೆಯ ಗಾಯದ ಪಕ್ಕ ಹೊಸ ಗಂಟು ಕಂಡಾಗ ಅದು ಮಾಯುತ್ತಿರುವ ಗಾಯವೇ, ಅದೇ ಗಡ್ಡೆಯೇ, ಬೇರೆ ಕಾಯಿಲೆಯೇ ಎಂದು ತೀರ್ಮಾನಿಸಲು ರೋಗಶಾಸ್ತ್ರಜ್ಞರು ಮೊದಲು ಕೇಳುವುದು ಹಳೆಯ ಸ್ಲೈಡುಗಳನ್ನೇ. ಎರಡನ್ನೂ ಒಂದೇ ಸೂಕ್ಷ್ಮದರ್ಶಕದಡಿ ಇಟ್ಟು ಹೋಲಿಸಿದ ನಂತರವೇ ಹೊಸ ವರದಿಗೆ ಸಹಿ ಬೀಳುತ್ತದೆ.